ಗ ಮಾತ್ರ

ಕಲ್ಲಿದ್ದಲು ಅಂತ ಬರಿಯೂದು ಸರಳಲ್ಲ.
ಲ್ಲಿಯ ಕೆಳಗೊಂದು ಲ, ದ್ದದ ಕೆಳಗೊಂದು ದ,
ಎರಡೂ ಒತ್ತು ಬಟ್ಟಿ ಬಿಟ್ಟು ಕೆಳಗ ಇಳೀತಾವು.
ಅವತ್ತು ಅಂದಾನಪ್ಪ ಮಾಸ್ತರು ಹತ್ತು ಮೊಳ ಕೋರಾ ತಂದು
"ದಾವಲಸಾಬ, ಮುಂಜಾನೆ ಗಾಡಿಗೆ ದಿಲ್ಲಿಗೆ ಹೊಂಟೀವಿ,
ಕಲ್ಲಿದ್ದಲು ಸಾಕು, ಗಾಳಿ ಬೇಕು, ಅಂತ ಬರದುಕೊಡು" ಅಂದ್ರು.
ಡಂಬಳದಾಗ ಆ ಹೊತ್ತಿನ್ಯಾಗ ಕರಿ ಬಣ್ಣ ಎಲ್ಲಿ ಸಿಗಬೇಕು?
ಕಳಕವ್ವನ ಚಾದಂಗಡಿ ಒಲಿಯಿಂದ ಇದ್ದಲಿ ತಂದು
ಅರದು, ಅಗಸಿ ಎಣ್ಣಿಯೊಳಗ ಕಲಿಸಿ ಬರದೆ.
ಇದ್ದಲಿ ಬೈಯಾಕ ಇದ್ದಲೀನ ಬೇಕಾತು.
ಮಾಸ್ತರು ನಗಲಿಲ್ಲ. ಅವರು ನಗೂದು ಕಡಿಮಿ.

ಗಾಳಿ ಅನ್ನೂದು ಮಾತ್ರ ಸಲೀಸು ಬಂತು.
ಒತ್ತಿಲ್ಲ, ತೂಕಿಲ್ಲ,
ಳಿಯ ಗುಡಿಸು ಒಂದು ಸುತ್ತು, ಮುಗೀತು.

ದಿಲ್ಲಿಯೊಳಗ ಏನಾತೋ ನಮಗ ಗೊತ್ತಿಲ್ಲ.
ಮೂರು ದಿನ ರಸ್ತೇದಾಗ ಕುಂತರಂತ,
ಚಳಿಗೆ ಒಬ್ಬಾಂವ ಬ್ಯಾನರ್ ಹೊಚ್ಚಿಕೊಂಡು ಮಲಗಿದನಂತ,
ಎದ್ದಾಗ ಅವನ ಅಂಗಿ ಮ್ಯಾಲ ತಿರುವು ಮುರುವು
ಸಾಕು ಅಂತ ಮೂಡಿತ್ತಂತ.

ಗಾಳಿ ಬಂತು ನೋಡ್ರಿ, ಒಂಬತ್ತು ವರ್ಷದ ಮ್ಯಾಲ,
ಒಂದು ರಾತ್ರಿ, ಲಾರಿ ಹತ್ತಿ.
ಒಂದೇ ರೆಕ್ಕಿ. ಬೆಳ್ಳಗ. ತುದಿ ಇಲ್ಲಿದ್ರ
ಬುಡ ಇನ್ನೂ ಕೆರಿ ಏರಿ ಮ್ಯಾಲ.
ಕಳಕವ್ವ ಹೆಜ್ಜಿ ಹಾಕಿ ಅಳದಳು: ನೂರಾ ಎಂಟು.
ಎಣಿಕಿ ತಪ್ಪೇತಿ ಅಂತ ಮತ್ತ ಅಳದಳು.

ತಿರುವಿನ್ಯಾಗ ಸಿಕ್ಕಿಬಿತ್ತು.
ಹಿಂದಕ್ಕ ಬರವಲ್ದು, ಮುಂದಕ್ಕ ಹೋಗವಲ್ದು.
ಅಡ್ಡ ಇದ್ದದ್ದು ಬೇವಿನ ಗಿಡ,
ನನ್ನ ದಾವಲ್ ಆರ್ಟ್ಸ್ ಬೋರ್ಡಿಗೆ ಮೊಳಿ ತಿಂದ ಗಿಡ,
ಬಸ್ ತಪ್ಪಿದವರಿಗೆಲ್ಲಾ ಅದ ಸ್ಟ್ಯಾಂಡು.
ಕಂಪನಿ ಹುಡುಗ ಕಾಗದ ತೋರಿಸಿದ, ಸಹಿ ಸಿಕ್ಕಾ ಎಲ್ಲಾ ಇತ್ತು.
ಗರಗಸನೂ ಇತ್ತು.

ಮಾಸ್ತರು ಹಾಸಿಗಿಯಿಂದೆದ್ದು ಬಂದ್ರು, ಮಫ್ಲರ್ ಸುತ್ತಿಕೊಂಡು.
ಗುಂಪಿನ್ಯಾಗ ಯಾರೋ ಅಂದ್ರು,
"ಗಾಳಿ ಕೇಳಿದವರು ನೀವ ಅಲ್ಲೇನ್ರಿ, ಸರ?"
ಮಾಸ್ತರು ಗಿಡಾ ನೋಡಿದ್ರು, ರೆಕ್ಕಿ ನೋಡಿದ್ರು,
ಕಪ್ಪತಗುಡ್ಡದ ಕಡೆ ನೋಡಿದ್ರು. ಅಲ್ಲಿ ಕತ್ತಲಿನ್ಯಾಗ
ಕೆಂಪು ದೀಪ ಎಲ್ಲಾ ಒಮ್ಮೆಲೆ ಹತ್ತಿ ಒಮ್ಮೆಲೆ ಆರತಿದ್ವು,
ಗುಡ್ಡಕ್ಕ ಕಣ್ಣು ಬಂದಂಗ.
ಮೂವತ್ತು ವರ್ಷ ಪಾಠ ಹೇಳಿದ ಬಾಯಿ.
ಒಂದು ಮಾತು ಬರಲಿಲ್ಲ.

ಮಾತಾಡಿದಾಕಿ ಕಳಕವ್ವ, ಡ್ರೈವರಗೆ:
"ತಮ್ಮಾ, ಚಾ ಕುಡೀತೀಯೇನು?"
ಆಂವ ಗುಂಟೂರಿನಾಂವ, ಹನ್ನೊಂದು ದಿನದಿಂದ ಸ್ಟೇರಿಂಗ್ ಹಿಡದಾಂವ,
ಚಾ ಕುಡೀತ ಕುಡೀತ ಆಕಿ ಅಂಗಡಿ ತಗಡು ನೋಡಿದ,
ಕೈಲೆ ಅಳತಿ ಮಾಡಿ ತೋರಿಸಿದ: ಇದು ತಗದ್ರ ಅದು ಉಳೀತೈತಿ.
ಆಕಿ ತಟಗು ಹೊತ್ತು ಏನೂ ಅನ್ನಲಿಲ್ಲ.
ಆಮ್ಯಾಲ ನನಗ ಅಂದ್ಲು, "ನಿಚ್ಚಣಿಕಿ ತಾ."

ತಗಡು ಎಂಟು ಬಿಚ್ಚಿದ್ವಿ. ಕಂಬ ಮೂರು.
ಆದ್ರೂ ಒಂದು ದೊಡ್ಡ ಟೊಂಗಿ ಹೋತು, ಗೂಡಿನ ಸಮೇತ.
ರೆಕ್ಕಿ ಎದಿ ಹತ್ರ ಹಾದುಹೋತು, ಸಪ್ಪಳಿಲ್ಲದ.
ನಾ ಕೈ ಮುಟ್ಟಿ ನೋಡಿದೆ. ತಣ್ಣಗಿತ್ತು.
ಬರಿಯಾಕ ಅಂಥಾ ಜಾಗ ನಾ ಎಂದೂ ಕಂಡಿಲ್ಲ.

ಈಗ ಅದು ಗುಡ್ಡದ ಮ್ಯಾಲ ತಿರಗತೈತಿ.
ನಮ್ಮೂರಿಗೆ ತ್ರೀ ಫೇಸ್ ರಾತ್ರಿ ಎರಡಕ್ಕ, ಮೊದಲಿನಂಗ.
ಕಳಕವ್ವನ ತಗಡಿನ ರೊಕ್ಕ ಇನ್ನೂ ಬರೂದೈತಿ,
ಕಂಪನಿ ಹೆಸರು ಬದಲಾಗೇತಂತ.

ನಿನ್ನೆ ಮಾಸ್ತರು ಮತ್ತ ಬಂದಿದ್ರು, ಕೋರಾ ಹಿಡಕೊಂಡು.
ಗದಗಿನ್ಯಾಗ ಅಹವಾಲು ಸಭಾ ಐತಿ, ಸೋಮವಾರ:
ಇನ್ನೂ ನಲವತ್ತು ಕಂಬ, ಔಷಧಿ ಗಿಡದ ನಡುವ ಲಾರಿ ದಾರಿ.
"ಏನಂತ ಬರೀಲಿ, ಸರ?"
"ಅದನ್ನ ಯೋಚನಿ ಮಾಡಾಕತ್ತೀನಿ, ದಾವಲಸಾಬ.
ಇದ್ದಲೀನೂ ಬ್ಯಾಡ ಅನಬೇಕು, ಇದನ್ನ ಹಿಂಗ ಬ್ಯಾಡ ಅನಬೇಕು,
ಬಟ್ಟಿ ನೋಡಿದ್ರ ಹತ್ತ ಮೊಳ."

ಬಣ್ಣ ಒಣಗಬಾರದಂತ ನಾ ಸುರು ಮಾಡೀನಿ.
ಗ ಮಾತ್ರ ಬರದೀನಿ.
ಗಾಳಿಗೂ ಅದ, ಗಿಡಕ್ಕೂ ಅದ, ಗುಡ್ಡಕ್ಕೂ ಅದ, ಗಣಿಗೂ ಅದ.
ದೀರ್ಘಾನೋ, ಗುಡಿಸೋ, ಕೊಂಬೋ,
ಮಾಸ್ತರು ಸೋಮವಾರದೊಳಗ ಹೇಳಬೇಕು.
ಕುಂಚ ಎಣ್ಣಿಯೊಳಗ ಐತಿ.