ಇಪ್ಪತ್ತು ಸೆಕೆಂಡಿಗೊಂದು ಅಂಕಿ

ಮಲಗಿದ್ದರೆ ಒಂದು, ಕೂತಿದ್ದರೆ ಎರಡು,
ನಿಂತರೆ ಮೂರು, ನಡೆದರೆ ನಾಲ್ಕು,
ಏದುಸಿರು ಬಂದರೆ ಐದು.
ವಿಶ್ವವಿದ್ಯಾಲಯ ಕೊಟ್ಟ ಮಗ್ಗಿ ಇಷ್ಟೇ.
ಇಪ್ಪತ್ತು ಸೆಕೆಂಡಿಗೊಮ್ಮೆ ಕಿವಿಯೊಳಗೆ ಟಿಕ್;
ತಲೆಯೆತ್ತಿ ನೋಡುತ್ತೇನೆ, ಬರೆಯುತ್ತೇನೆ.

ಡಿಸೆಂಬರಿನ ತಾರ್ತುವಿನಲ್ಲಿ ಮೂರೂವರೆಗೇ ಕತ್ತಲು.
ಒಂದು ಕಾಲಕ್ಕೆ ಅಂಗಿಗುಂಡಿ ಮಾಡುತ್ತಿದ್ದ ಕಾರ್ಖಾನೆ,
ಈಗ ಮಹಡಿಯ ಮೇಲೆ ಗೋಡೆಯುದ್ದ ಕನ್ನಡಿ,
ಹದಿನಾಲ್ಕು ಚಾಪೆ,
ಬಾಗಿಲಲ್ಲಿ ಕರಗಿದ ಹಿಮದ ಕೊಳಕು ನೀರು,
ಅದರೊಳಗೆ ಬೂಟುಗಳ ಸಾಲು.

ಕೈರಿತ್ ಚಪ್ಪಾಳೆ ತಟ್ಟಿ ಶುರುಮಾಡುತ್ತಾಳೆ.
ಮುಂದಿನ ಸಾಲಿನ ರೈಗೊ, ಅವನ ಹಾಳೆ ತುಂಬ ಐದು,
ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿದರೆ
ಅದನ್ನೂ ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳುತ್ತಾನೆ.
ಹಿಂದಿನ ಸಾಲಲ್ಲಿ ಉರ್ವೆ, ಎಪ್ಪತ್ತೊಂದು ವಯಸ್ಸು.
ನೀರು ಕುಡಿಯುವುದು, ಮೂರು.
ಕನ್ನಡಕ ಒರೆಸುವುದು, ಮೂರು.
ಪಕ್ಕದವಳೊಡನೆ ಎಲೆಕೋಸು ಹುಳಿ ಹಾಕಿದ ಕತೆ,
ಮೂರು, ಮೂರು, ಮತ್ತೆ ಮೂರು.
ಐವತ್ತು ನಿಮಿಷಕ್ಕೆ ದುಡ್ಡು ತೆತ್ತು
ಹದಿನೆಂಟು ನಿಮಿಷ ಮೈ ಬಗ್ಗಿಸುವ ಹೆಂಗಸು.
ನನ್ನ ಪಟ್ಟಿ ಸುಳ್ಳು ಹೇಳುವುದಿಲ್ಲ.

ಇವತ್ತು ಹೊಸಬನೊಬ್ಬ, ಹೆಲ್ದುರ್, ಬಸ್ ಓಡಿಸುವವನು,
ಡಾಕ್ಟರು ಗದರಿಸಿ ಕಳಿಸಿದ್ದಂತೆ.
ಎಲ್ಲರ ಎಡಗಾಲು ಮುಂದಾದಾಗ ಅವನದು ಬಲ,
ಎಲ್ಲರೂ ಎದ್ದಾಗ ಅವನೊಬ್ಬ ಇನ್ನೂ ಕುಕ್ಕರುಗಾಲಲ್ಲಿ.
ಕನ್ನಡಿ ಬಿಟ್ಟು ಬೂಟಿನ ಕಡೆ ನೋಡತೊಡಗಿದ.

ಉರ್ವೆ ಚಾಪೆ ಎಳೆದುಕೊಂಡು ಹೋಗಿ
ಅವನ ಪಕ್ಕ ಹಾಸಿದಳು.
ಕೈರಿತ್ ಎಡ ಅಂದರೆ ಬಲಕ್ಕೆ ಹೊರಳಿದಳು,
ಕೈ ಮೇಲೆತ್ತಿ ಅಂದರೆ ಕಾಲೆತ್ತಿದಳು,
ಒಂದು ಸಲ ಪೂರಾ ಹಿಂದುಮುಂದಾಗಿ
ನನ್ನ ಕಡೆಗೇ ಮುಖಮಾಡಿ ನಿಂತಳು.
ಎರಡು ವರ್ಷದಿಂದ ಬರುವವಳು, ಬೇಕೆಂದೇ.
ಹೆಲ್ದುರ್ ಫಕ್ಕನೆ ನಕ್ಕ. ಆಮೇಲೆ ಬಾಗಿದ.
ಟಿಕ್ ಅನ್ನುವ ಹೊತ್ತಿಗೆ ಇಬ್ಬರೂ
ಸೊಂಟಕ್ಕೆ ಕೈಯಿಟ್ಟು ಸುಮ್ಮನೆ ನಿಂತಿದ್ದರು.
ಮೂರು, ಮೂರು.
ಎರಡು ಟಿಕ್ಕಿನ ನಡುವೆ ಆದದ್ದು
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಕೊನೆಯ ಹತ್ತು ನಿಮಿಷ ಅವನಿಗೆ ಐದು ಬರೆದೆ.
ಯಾರಿಂದ ಬಂತು ಎಂದು ಬರೆಯಲು
ಹಾಳೆಯಲ್ಲಿ ಅಂಕಣವಿಲ್ಲ.

ದೀಪ ಆರಿಸುವ ಮುಂಚೆ, ಒಂಟಿಕಾಲಲ್ಲಿ ಬೂಟು ಏರಿಸುತ್ತ
ಉರ್ವೆ ಕೇಳಿದಳು, ನನಗೆ ಎಷ್ಟು ಬಂತು ಹುಡುಗಿ?
ಹಾಳೆ ಮಗುಚಿದೆ.
ಹೋಗಲಿ ಬಿಡು, ಅಂದಳು,
ಬಂದಾಗಿನಿಂದ ಕೂತೇ ಇದ್ದೀ,
ಕಾಲು ಜೋಮು ಹಿಡಿದಿರಬೇಕು, ಏಳು.

ಹಿಡಿದಿತ್ತು.
ಗೋಡೆ ಆತು ಎದ್ದೆ.
ಕಿವಿಯಲ್ಲಿ ಯಂತ್ರ ಆರಿಸುವುದು ಮರೆತಿದ್ದೆ,
ಟಿಕ್.