ಹಗಲು ನಿದ್ದೆಗೊಂದು ಮಾಡು

ಮುಹರ್ರಕ್‌ನ ಈ ಗಲ್ಲಿಯಲ್ಲಿ ನನ್ನದು ಮೇಲಿನ ಮಾಳಿಗೆ.
ಟೊಳ್ಳು ಬ್ಲಾಕಿನ ಒಂಟಿ ಗೋಡೆ, ಮೇಲೆ ಬರೀ ಸಿಮೆಂಟು,
ಅದರ ಮೇಲೆ ನೀರಿನ ಟ್ಯಾಂಕು, ಅದರ ಮೇಲೆ ಸೂರ್ಯ.
ನಡುವೆ ಬೇರೆ ಯಾರೂ ಇಲ್ಲ.

ರಾತ್ರಿಯಿಡೀ ವಾರ್ಡಿನಲ್ಲಿ ಯಾರ್ಯಾರದೋ ಜ್ವರ ಬರೆದುಕೊಂಡು
ಬೆಳಿಗ್ಗೆ ಎಂಟಕ್ಕೆ ಬಂದು ಮಲಗುವವಳು ನಾನು.
ಮಧ್ಯಾಹ್ನ ಒಂದಕ್ಕೆ ಗೋಡೆಗೇ ಜ್ವರ.
ಒಮ್ಮೆ, ತಮಾಷೆಗೆ, ಹಳೇ ಪಾದರಸದ ಥರ್ಮಾಮೀಟರನ್ನು
ಬಿರುಕಿಗೆ ಸಿಕ್ಕಿಸಿ ನೋಡಿದೆ.
ನಲವತ್ತೆರಡು ಮುಟ್ಟಿ ಅಲ್ಲೇ ನಿಂತಿತು.
ಆಮೇಲಿನ ಲೆಕ್ಕ ಅದಕ್ಕೂ ಗೊತ್ತಿಲ್ಲ.

ತಣ್ಣೀರಿನ ನಲ್ಲಿಯಲ್ಲಿ ಚಹಾದ ನೀರು.
ಗೀಸರ್ ಆರಿಸಿಟ್ಟು, ಅದರೊಳಗೆ ನಿಂತು ತಣಿದ ನೀರಲ್ಲಿ ಸ್ನಾನ.
ಫೋನಿನಲ್ಲಿ ಹೇಳಿದರೆ ಅಕ್ಕ ನಗುತ್ತಾಳೆ,
"ನಿನಗೆ ಎಲ್ಲ ಉಲ್ಟಾ."

ಕಿಟಕಿಯ ಎ.ಸಿ. ನಾಲ್ಕು ವರ್ಷದಿಂದ
ಏದುಸಿರು ಬಿಡುತ್ತ ಓಡುತ್ತಲೇ ಇದೆ.
ಪಕ್ಕದ ಸಂದಿಗೆ ತುರುಕಿದ್ದು ನನ್ನ ಹಳೇ ನೈಟಿ,
ಶಮಾಲ್ ಬೀಸಿದ ದಿನ ಅದೂ ಮಣ್ಣು ಕೆಮ್ಮುತ್ತದೆ.
ಕರೆಂಟಿನ ಬಿಲ್ಲು ಮಾತ್ರ ಚೆನ್ನಾಗಿ ಬೆಳೆದಿದೆ.

ಅರ್ಬಾಬ್ ಹೇಳಿದ: ಹಳೇ ಮನೆ ಸಿಸ್ಟರ್,
ಇನ್ನೆರಡು ವರ್ಷಕ್ಕೆ ಕೆಡವುತ್ತೇನೆ.
ಎಂಟು ವರ್ಷದ ಹಿಂದೆಯೂ ಹಾಗೇ ಹೇಳಿದ್ದನಂತೆ,
ನನಗಿಂತ ಮೊದಲಿದ್ದ ಫಿಲಿಪಿನೋ ಹುಡುಗಿಗೆ.
ಕೊನೆಗೆ ಒಂದು ತಿಂಗಳ ಬಾಡಿಗೆ ಬಿಟ್ಟ.
ಸಾಮಾನು ನನ್ನದು, ಕೈ ದೂಮಪ್ಪ ಕೋಟ್ಯಾನನದು.

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಹನ್ನೊಂದು ವರ್ಷ ಇದ್ದವನು.
ಎರಡು ಶುಕ್ರವಾರ, ನಸುಕಿನ ನಾಲ್ಕಕ್ಕೇ ಮಾಡು ಹತ್ತಿದ.
"ಅಲ್ಲಿ ಹೊಟ್ಟು ಬಾಯಮ್ಮ, ಇಲ್ಲಿ ಈ ನೀಲಿ ಥರ್ಮಾಕೋಲು.
ಕೆಲಸ ಒಂದೇ. ತಂಪನ್ನು ಮಾಡುವುದು ದೊಡ್ಡದಲ್ಲ,
ಬಂದದ್ದು ಹೋಗದ ಹಾಗೆ ಕೂರಿಸ್ಬೇಕು, ಅಷ್ಟೆ."
ಮಾತು ಸ್ವಲ್ಪ ದೊಡ್ಡದಾಯಿತೇನೋ ಎಂಬಂತೆ
ಪೆನ್ಸಿಲ್ ಬಾಯಿಗಿಟ್ಟು ಸುಮ್ಮನಾದ.

ಮೊದಲು ಗುಡಿಸಿದ: ಪಾರಿವಾಳದ ಹಿಕ್ಕೆ, ಸತ್ತ ಡಿಶ್ ಆಂಟೆನಾ,
ಯಾರದೋ ಒಂದೇ ಚಪ್ಪಲಿ.
ಬಿರುಕಿಗೆ ಟಾರು, ಟಾರಿನ ಮೇಲೆ ಹಾಳೆ,
ಹಾಳೆಯ ಮೇಲೆ ಸಿಮೆಂಟಿನ ಬಿಲ್ಲೆ, ಬಿಲ್ಲೆಗೆ ಬಿಳಿ ಬಣ್ಣ.
ಟ್ಯಾಂಕಿಗೂ ಒಂದು ಬೆಳ್ಳಿ ಕಾಗದದ ಅಂಗಿ.
ನೈಟಿ ಎಳೆದು ಬಿಸಾಡಿ ಸಂದಿಗೆ ಫೋಮ್ ಊದಿದ.
ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿತು.
ಇಡ್ಲಿ, ಎಂದೆ. ಇಬ್ಬರಿಗೂ ಹಸಿವಾಯಿತು.

ಶನಿವಾರ ಮಧ್ಯಾಹ್ನ, ಒಂದೂವರೆ.
ಕಣ್ಣು ಮುಚ್ಚಿದ್ದೆ. ಟಕ್ ಎಂದಿತು.
ಎ.ಸಿ. ನಿಂತಿತ್ತು.
ಹಾಳಾಯಿತೆಂದೇ ಎದ್ದು ಕೂತೆ.
ಹಾಳಾಗಿರಲಿಲ್ಲ. ಸಾಕೆನಿಸಿತ್ತು ಅದಕ್ಕೆ.

ಆಗ ಕೇಳಿಸಿದ್ದು: ಕೆಳಗಿನ ಮನೆಯ ಮಗು,
ಪಾತ್ರೆಯೊಂದರ ಮುಚ್ಚಳ,
ನನ್ನದೇ ಉಸಿರು, ಮೂಗಿನಲ್ಲಿ ಸಣ್ಣ ಸಿಳ್ಳೆ.
ನಾಲ್ಕು ವರ್ಷ ಗೊತ್ತೇ ಇರಲಿಲ್ಲ ಈ ಸಿಳ್ಳೆ.
ನಿದ್ದೆ ಬರಲಿಲ್ಲ.
ಹಾಳು ಕಿವಿ ಆ ಗುಡುಗುಡುವನ್ನೇ ಹುಡುಕುತ್ತಿತ್ತು.

ನಿನ್ನೆ ಹೋಗುವಾಗ ದೂಮಪ್ಪ ಕೂಲಿ ಎಣಿಸಲಿಲ್ಲ,
ಉಳಿದ ತುಂಡುಗಳನ್ನು ಎಣಿಸಿದ.
"ಇದು ನಿಮಗೆ ಬೇಕಾ?"
ಸಿತ್ರಾದ ಕ್ಯಾಂಪಿನಲ್ಲಿ ಎಂಟು ಜನರ ತಗಡಿನ ಕೋಣೆ,
ಅವನದು ಮೇಲಿನ ಮಂಚ, ತಗಡಿಗೂ ಮುಖಕ್ಕೂ ಮೊಳದಂತರ.
ಐದು ತುಂಡು, ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದು ಕಟ್ಟಿದ.
ತಲೆಯ ಹತ್ತಿರಕ್ಕೆ ಮೂರು ಸಾಕಂತೆ.
"ಎರಡು ಎದುರಿನ ಮಂಚಕ್ಕೆ. ಅವ ಬಿಹಾರದವ ಬಾಯಮ್ಮ,
ನಿಮ್ಮ ಹಾಗೇ, ಅವನಿಗೂ ರಾತ್ರಿ ಡ್ಯೂಟಿ."