ಬಂದೆ, ಹತ್ತು ನಿಮಿಷ

ಒಂದು ರವಿವಾರ ಮಗಳು ಕೂತು
ನನ್ನ ಫೋನಿಗೆ ಬುದ್ಧಿ ಹೇಳಿಕೊಟ್ಟಳು.
ಗಾಡಿ ಘಾಟ್ಕೋಪರ ದಾಟಿದರೆ ಇವರಿಗೆ, ‘ಕುಕ್ಕರ್ ಇಡ್ರಿ.’
ದಿವಾ ದಾಟಿದರೆ, ‘ಬಂದೆ, ಹತ್ತು ನಿಮಿಷ.’
ರಾತ್ರಿ ಹತ್ತಕ್ಕೆ ತಾನೇ ಬಾಯಿ ಮುಚ್ಚಬೇಕು,
ಐದಕ್ಕೆ ಹತ್ತು ನಿಮಿಷ ಇರುವಾಗ ಕೂಗಿ ಎಬ್ಬಿಸಬೇಕು,
ಆರೂಕಾಲಿಗೆ ಜಮಖಂಡಿಯ ಅಕ್ಕನಿಗೆ
‘ಹೆಂಗಿದ್ದಿ ಅಕ್ಕಾ? ಚಾ ಆತೇನು?’

ದಿನಕ್ಕೆ ಹದಿನೇಳು ನಿಮಿಷ ಉಳಿತಾಯ,
ವರ್ಷಕ್ಕೆ ನಾಲ್ಕು ದಿನದ ಮೇಲೆ ಚಿಲ್ಲರೆ, ಅಂದಳು.
ನಾಲ್ಕು ದಿನ! ಊರಿಗೆ ಹೋಗಿ ಬಂದು
ಸೀರೆ ಒಗೆದು ಒಣಗಿಸಿ ಮಡಚಬಹುದು.
ಆದರೆ ನಿಮಿಷಗಳು ಚಿಲ್ಲರೆಯಾಗಿ ಬಂದವು,
ಚಿಲ್ಲರೆಯ ಹಾಗೇ ಹೋದವು,
ಗಾಡಿಯಲ್ಲಿ ಗವಾರಿಕಾಯಿ ನಾರು ಬಿಡಿಸುವುದಕ್ಕೆ,
ತೂಕಡಿಸುವುದಕ್ಕೆ, ಕಿಟಕಿಯ ಸೀಟಿನವಳು
ಎಲ್ಲಿ ಇಳಿಯುತ್ತಾಳೆಂದು ನೋಡುವುದಕ್ಕೆ.

ಭಾಯ್ಖಳಾದ ಕಣ್ಣಿನ ದವಾಖಾನೆ ನನ್ನದು.
ಇಡೀ ದಿನ ಬೋರ್ಡಿನ ಪಕ್ಕ ನಿಂತು
‘ಕೆಳಗಿನ ಸಾಲು ಓದ್ರಿ, ಅದರ ಕೆಳಗಿಂದು’ ಅನ್ನುತ್ತೇನೆ,
ಮರಾಠಿಯಲ್ಲಿ, ಹಿಂದಿಯಲ್ಲಿ, ಒಮ್ಮೊಮ್ಮೆ
ಕಲಬುರ್ಗಿ ಕಡೆಯ ಗೌಂಡಿ ಬಂದರೆ ನಮ್ಮ ಮಾತಿನಲ್ಲಿ.

ಆವತ್ತು ಕುರ್ಲಾದಲ್ಲಿ ಇಳಿಯುವವರ ನೂಕಿಗೆ
ನಾನೂ ಇಳಿದುಬಿಟ್ಟೆ.
ಚೀಲ ಮೇಲಿನ ಹಲಗೆಯಲ್ಲಿ, ಚೀಲದಲ್ಲಿ ಫೋನು.
ಗಾಡಿ ಹೊರಟಿತು, ನಾನಿಲ್ಲದ ನನ್ನನ್ನು ಕರೆದುಕೊಂಡು.
ಪಕ್ಕದವಳು ತನ್ನ ಫೋನು ಕೊಟ್ಟಳು, ‘ಯಾರಿಗೆ ಮಾಡ್ತೀರಿ?’
ಯಾರಿಗೆ? ಇಪ್ಪತ್ತೆರಡು ವರ್ಷದ ಗಂಡನ ನಂಬರು
ಎಂಟು ಒಂಬತ್ತರ ತನಕ ಬಂದು ನಿಂತಿತು.
ಸುಮ್ಮನೆ ಕೈ ಮುಗಿದು ಫೋನು ವಾಪಸು ಕೊಟ್ಟೆ.

ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಜೋತು
ಡೊಂಬಿವಲಿಯ ಮೂರು ಮಜಲು ಹತ್ತಿ ಬಂದಾಗ
ಕುಕ್ಕರ್ ತಣ್ಣಗಾಗಿತ್ತು.
ಇವರು ಟೀವಿಯಿಂದ ಕಣ್ಣು ಕೀಳದೆ,
‘ಹತ್ತು ನಿಮಿಷ ಅಂದಿ, ತಾಸಾತು.’
ಎಲ್ಲಿದ್ದೆ ಅಂತ ಕೇಳಲಿಲ್ಲ.
ಕೇಳುವುದೇನಿದೆ? ಘಾಟ್ಕೋಪರದಲ್ಲಿ ಹೇಳಿದ್ದೆ,
ದಿವಾದಲ್ಲೂ ಹೇಳಿದ್ದೆ.

ಇವರ ಫೋನಿನಿಂದ ನನಗೇ ನಾನು ಫೋನು ಮಾಡಿದೆ.
ಎತ್ತಿದವಳು ಸುಗಂಧಾಬಾಯಿ,
ಹೆಂಗಸರ ಡಬ್ಬಿಯಲ್ಲಿ ಕ್ಲಿಪ್ಪು, ಪಿನ್ನು ಮಾರುವವಳು.
ಬದ್ಲಾಪುರದ ತನ್ನ ಖೋಲಿಗೆ ಒಯ್ದಿದ್ದಳು ಚೀಲ.
ಮರುದಿನ ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಕೊಡುತ್ತ ನಕ್ಕಳು:
‘ಬಾಯೀ, ಇದರೊಳಗೆ ನೀವೇ ಇದ್ದಂಗಿತ್ತು.
ಹತ್ತಕ್ಕೆ ಮಲಗಿತು. ನಸುಕಿನಲ್ಲಿ ಕೂಗಿತು, ನಾನೂ ಎದ್ದೆ,
ಮೊದಲ ಗಾಡಿಯಲ್ಲಿ ಸೀಟು ಸಿಕ್ಕಿತು!
ಆಮೇಲೆ ಯಾರೋ ಬರೆದರು. ಉದ್ದಕ್ಕೆ.
ನನಗೆ ನಿಮ್ಮ ಅಕ್ಷರ ಬರುವುದಿಲ್ಲ.’
ಒಂದು ಡಜನ್ ಪಿನ್ನು ಕೊಂಡೆ, ದುಡ್ಡು ಬೇಡವೆಂದಳು,
ತುರುಕಿದೆ.

ಅಲ್ಲೇ ಬಾಕಿನ ಮೇಲೆ ಕೂತು ತೆರೆದೆ.
ಏಳು ವಾರದ ಬೆಳಗು, ಒಂದರ ಕೆಳಗೊಂದು.
‘ಆತವ್ವ. ನಿಂದು?’
‘ಹಲ್ಲು ಭಾಳ ನೋವು. ಬಲಗಡಿ.’
‘ಎರಡು ಕಿತ್ತಿಸಿದೆ. ಬರೇ ಗಂಜಿ.’
‘ಎಮ್ಮಿ ಮಾರಿದ್ವಿ. ಗ್ವಾದ್ಲಿ ನೋಡಾಕ ಆಗವಲ್ದು.’
‘ನನ್ನ ತಂಗಿ ದಿನಾ ಕೇಳ್ತಾಳ ಅಂತ ಓಣಿಗೆಲ್ಲಾ ಹೇಳೇನಿ.’
ಕೆಳಗಿನ ಸಾಲು, ಅದರ ಕೆಳಗಿಂದು:
‘ಒಂದು ಮಾತಿತ್ತು. ನಿನಗ ವ್ಯಾಳ್ಯಾ ಇದ್ದಾಗ.’

ರಾತ್ರಿ ಹತ್ತಾಗಿತ್ತು, ಅಕ್ಕ ಮಲಗಿರುತ್ತಾಳೆ.
ಬೆಳಿಗ್ಗೆ ಹಾಲು ಒಲೆಗಿಟ್ಟು ಫೋನು ಹಚ್ಚಿದೆ.
ಗಡಿಯಾರ ನೋಡಿರಲಿಲ್ಲ.
‘ಯಾಕವ್ವಾ?’ ಅಂದಳು ಅಕ್ಕ, ಗಾಬರಿಯಲ್ಲಿ,
ಹಲ್ಲಿಲ್ಲದ ಕಡೆಯಿಂದ ಗಾಳಿ ಸೋರುತ್ತ,
‘ಈಗರೆ ಕೇಳಿದೆಲ್ಲ, ಹೆಂಗಿದ್ದಿ ಅಂತ.
ಬರಿಯಾಕ ಹತ್ತಿದ್ದೆ ನೋಡು.
ಮತ್ತ ಫೋನ್ ಯಾಕ? ಎಲ್ಲಾ ಆರಾಮ ಅದೀರಿಲ್ಲೊ?’

ಹಾಲು ಅಂಚಿಗೆ ಬಂದಿತ್ತು.
ಉರಿ ಸಣ್ಣ ಮಾಡಿದೆ.